ನನ್ನ ಕೈ ಡಯಲ್ ತಿರುಗಿಸಿತೇ

ಹವ್ಯಾಸಿ ರೇಡಿಯೊದವರನ್ನು ನಾನು ಎಂದೂ ಗೌರವದಿಂದ ಕಂಡವನಲ್ಲ. ಯಾರೋ ಕೋಟಿಗಟ್ಟಲೆ ಸುರಿದು ಪುಟ್ಟದೊಂದು ಉಪಗ್ರಹವನ್ನು ಮೇಲಕ್ಕೆ ಕಳಿಸುತ್ತಾರೆ. ಅದು ನಮ್ಮ ಆಕಾಶದಲ್ಲಿ ಹತ್ತು ಹನ್ನೆರಡು ನಿಮಿಷ ಹಾದುಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಇವರು ಅದರ ಮೂಲಕ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ತಂತಮ್ಮ ಲೈಸೆನ್ಸಿನ ಗುರುತಿನ ಅಕ್ಷರಗಳನ್ನು, ಆಮೇಲೆ ‘ನಿಮ್ಮ ಧ್ವನಿ ಬಹಳ ಚೆನ್ನಾಗಿ ಕೇಳಿಸುತ್ತಿದೆ’ ಎಂಬ ಸುಳ್ಳನ್ನು. ಮುಗಿಯಿತು. ಆ ಅಕ್ಷರಗಳನ್ನು ಟೋಪಿಯ ಮೇಲೆ ಕಸೂತಿ ಮಾಡಿಸಿಕೊಂಡು ಮುಂಬಯಿಯ ಲೋಕಲ್ ರೈಲಿನಲ್ಲಿ ಓಡಾಡುವವರೂ ಇದ್ದಾರೆ. ನನ್ನ ಬಳಿ ಅಂಥ ಟೋಪಿಯಿಲ್ಲ, ಲೈಸೆನ್ಸ್ ಮಾತ್ರ ಇದೆ. ಪ್ರತಿ ಭಾನುವಾರ ಬೊರಿವಲಿಯಿಂದ ಬಾಂದ್ರಾಕ್ಕೆ ಹೋಗಿ, ಶಾಲೆಯೊಂದರ ಖಾಲಿ ಕೋಣೆಯಲ್ಲಿ ಸೇರುವ ಕ್ಲಬ್ಬಿನಲ್ಲಿ ಮೂಲೆಯ ಬೆಂಚಿನ ಮೇಲೆ ಕೂತು ಅವರನ್ನು ತಿರಸ್ಕರಿಸಿ ಬರುತ್ತಿದ್ದೆ. ಇಷ್ಟು ತಿರಸ್ಕಾರವಿದ್ದವನು ಹೋಗುತ್ತಿದ್ದುದಾದರೂ ಏಕೆ ಎಂದು ಹೆಂಡತಿ ಕೇಳುತ್ತಿದ್ದಳು. ಉತ್ತರ ಈಗಲೂ ಗೊತ್ತಿಲ್ಲ.

ಆ ಕೋಣೆಯ ಗೋಡೆಯ ಮೇಲೆ ಒಂದು ಬೋರ್ಡ್ ಇತ್ತು. ಉಪಗ್ರಹದ ಮೂಲಕ ಸಮುದ್ರದಾಚೆಯ ಸ್ಟೇಷನ್ನಿನೊಂದಿಗೆ, ಕಂಪ್ಯೂಟರಿನ ಸಹಾಯವಿಲ್ಲದೆ, ಕೈಯಿಂದಲೇ ಡಯಲ್ ತಿರುಗಿಸಿ ಮಾತಾಡಿದವರ ಹೆಸರುಗಳು ಅದರಲ್ಲಿದ್ದವು. ಬೋರ್ಡಿನಲ್ಲಿ ಹೆಸರಿದ್ದವರು ಮಾತ್ರ ಹೊಸಬರಿಗೆ ಪಾಠ ಹೇಳಬಹುದು. ಹೆಸರು ಏರಬೇಕಾದರೆ ಪಕ್ಕದಲ್ಲಿ ಕೂತು ಕೇಳಿದ ಮತ್ತೊಬ್ಬ ಲೈಸೆನ್ಸುದಾರ ಎಲ್ಲರೆದುರು ಸಾಕ್ಷಿ ಹೇಳಬೇಕು. ಇಂಥ ನಿಯಮಗಳನ್ನು ಮಾಡುವವರು ಮನೆಯಲ್ಲಿ ಯಾರೂ ತಮ್ಮ ಮಾತು ಕೇಳದ ಗಂಡಸರು ಎಂಬುದು ನನ್ನ ಬಹುಕಾಲದ ಅಭಿಪ್ರಾಯ.

ಆ ಬೋರ್ಡಿನ ಮೇಲೆ ನಿಜವಾಗಿ ಆಸೆಯಿಟ್ಟವರು ಒಬ್ಬರೇ. ವಿಲೆ ಪಾರ್ಲೆಯಲ್ಲಿ ನಾನು ಭೌತಶಾಸ್ತ್ರ ಕಲಿಸುವ ಕಾಲೇಜಿನ ಎದುರಿಗಿರುವ ಉಡುಪಿ ಹೋಟೆಲಿನ ಮ್ಯಾನೇಜರ್. ಊರಿನ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು, ಐವತ್ತು ದಾಟಿದ ಮೇಲೆ ರೇಡಿಯೊ ಪರೀಕ್ಷೆ ಪಾಸು ಮಾಡಿದವರು. ನನಗಿಂತ ಹತ್ತು ವರ್ಷ ಹಿರಿಯರು. ಮುಂಬಯಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಅಣ್ಣಾ ಎನ್ನುತ್ತಿದ್ದೆ. ಕ್ಲಬ್ಬಿನವರು ‘ಕ್ಯಾಂಟೀನ್ ಸ್ಟೇಷನ್’ ಎನ್ನುತ್ತಿದ್ದರು. ಏಕೆಂದರೆ ಪ್ರತಿ ಭಾನುವಾರ ಸ್ಟೀಲ್ ಡಬ್ಬಿ ತುಂಬ ಇಡ್ಲಿ, ಚಟ್ನಿ ತರುವುದು ಅವರೇ. ಮೂರು ವರ್ಷದಿಂದ ಅವರ ಕೆಲಸ ಅದೇ ಆಗಿತ್ತು. ಅವರಿಗೆ ಬೇಕಿದ್ದದ್ದು ಡಬ್ಬಿ ಕೆಳಗಿಟ್ಟು, ಹೊಸಬರ ಎದುರಿನ ಕುರ್ಚಿಯಲ್ಲಿ ಕೂತು ಪಾಠ ಹೇಳುವುದು.

ಪಾಠ ಹೇಳಲು ಅವರಲ್ಲಿ ಇದ್ದದ್ದು ಕಿವಿ. ಉಪಗ್ರಹ ನಮ್ಮತ್ತ ಬರುತ್ತಿರುವಾಗ ಅದರ ಆವರ್ತನ ಇರಬೇಕಾದ್ದಕ್ಕಿಂತ ಮೇಲಿರುತ್ತದೆ, ದೂರ ಸರಿಯುವಾಗ ಕೆಳಗೆ ಜಾರುತ್ತದೆ. ಕೇಳುವವನು ಡಯಲನ್ನು ಚೂರುಚೂರೇ ಕೆಳಕ್ಕೆ ತಿರುಗಿಸುತ್ತಲೇ ಇರಬೇಕು. ಬಿಟ್ಟರೆ ಧ್ವನಿ ದಪ್ಪವಾಗುತ್ತ, ಗೊರಗೊರ ಎನ್ನುತ್ತ, ಕೊನೆಗೆ ಮಾತೇ ಅಲ್ಲವೆಂಬಂತಾಗುತ್ತದೆ. ಪಕ್ಕದ ಬಿಲ್ಡಿಂಗಿನಿಂದ ಯಾರಾದರೂ ಮಾತಾಡಿದರೆ ಈ ಜಾರುವಿಕೆ ಇಲ್ಲ; ಧ್ವನಿ ಇದ್ದಲ್ಲೇ ಇರುತ್ತದೆ. ಡಾಪ್ಲರ್ ಪರಿಣಾಮವೆಂಬ ಇದನ್ನು ನಾನು ಕಪ್ಪುಹಲಗೆಯ ಮೇಲೆ ಎರಡು ಸಾಲಿನ ಸಮೀಕರಣದಲ್ಲಿ ಬರೆಯಬಲ್ಲೆ. ಅಣ್ಣಾ ಅದನ್ನು ‘ಸ್ವರ ದಪ್ಪ ಆಯ್ತು, ಇಳಿಸಿ ಮಾಸ್ಟ್ರೆ’ ಎಂಬ ಒಂದು ಮಾತಿನಲ್ಲಿ ಮುಗಿಸುತ್ತಿದ್ದರು. ನನಗದು ಅಡಿಗೆಮನೆಯ ವಿಜ್ಞಾನವೆನಿಸುತ್ತಿತ್ತು. ಕ್ಲಬ್ಬಿನ ಉಳಿದವರಿಗೆ ಅದೂ ಇರಲಿಲ್ಲ. ಅವರ ಲ್ಯಾಪ್‌ಟಾಪುಗಳೇ ಡಯಲ್ ತಿರುಗಿಸುತ್ತಿದ್ದವು; ಅವರು ಪಕ್ಕದಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದರು.

ಆ ವರ್ಷ ಮಳೆಗಾಲದ ಕೊನೆಯಲ್ಲಿ ನನಗೆ ಒಂದು ಅವಮಾನವಾಯಿತು. ನನ್ನ ಬಿಲ್ಡಿಂಗಿನ ಟೆರೇಸಿನಲ್ಲಿ ನೀರಿನ ಟಾಕಿಗೆ ನೀಲಿ ತಾಡಪಾಲು ಕಟ್ಟಿಕೊಂಡು ಒಬ್ಬನೇ ಕೂತಿದ್ದೆ. ಉಪಗ್ರಹ ಬರುವ ಹೊತ್ತಿಗೆ ಸರಿಯಾಗಿ ರಿಸೀವರಿನಲ್ಲಿ ಯಾವನೋ ದ್ವೀಪವೊಂದರ ಹೆಸರು ಹೇಳಿ, ವಿದೇಶಿ ಉಚ್ಚಾರದಲ್ಲಿ ಕರೆದ. ನಾನು ಉತ್ತರಿಸಿದೆ. ನನ್ನ ಅಕ್ಷರಗಳನ್ನು ಮೂರು ಸಲ ಬಿಡಿಸಿ ಹೇಳಿದೆ. ಹೃದಯ ಹೊಡೆದುಕೊಂಡದ್ದು ನೆನಪಿದೆ. ತಿರಸ್ಕರಿಸುವವನ ಹೃದಯವೂ ಅಂಥ ಹೊತ್ತಿನಲ್ಲಿ ಹೊಡೆದುಕೊಳ್ಳುತ್ತದೆ. ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಆ ಸಂಭಾಷಣೆಯ ರೆಕಾರ್ಡಿಂಗ್ ಹಾಕಿದರು. ನನ್ನ ಮನೆಯಿಂದ ಎರಡು ರಸ್ತೆಯಾಚೆ ಗೆಳೆಯನ ಫ್ಲ್ಯಾಟಿನಲ್ಲಿ ಕೂತು ದ್ವೀಪವಾಸಿಯಾಗಿದ್ದವನು ಕ್ಲಬ್ಬಿನ ಒಬ್ಬ ಎಂಜಿನಿಯರ್, ಮೂವತ್ತರ ಆಸುಪಾಸಿನವನು.

“ಸರ್, ನೀವು ಫಿಸಿಕ್ಸ್ ಪ್ರೊಫೆಸರ್ ಅಲ್ವಾ?” ಎಂದ ಅವನು, ತನ್ನ ತಡವರಿಸುವ ಕನ್ನಡದಲ್ಲಿ. “ಡಾಪ್ಲರ್ ಕಹಾಂ ಗಯಾ? ಛುಟ್ಟೀ ಪೆ ಗಯಾ ಥಾ ಕ್ಯಾ?”

ಡಾಪ್ಲರ್ ಎಲ್ಲಿ ಹೋಗಿತ್ತು, ರಜೆಯ ಮೇಲೇ ಎಂಬ ಆ ಮಾತಿಗೆ ಎಲ್ಲರೂ ನಕ್ಕರು. ಅಣ್ಣಾ ನಗಲಿಲ್ಲ ಎಂದು ನನ್ನ ನೆನಪು. ಆದರೆ ನನ್ನ ನೆನಪಿನ ಯೋಗ್ಯತೆ ಏನೆಂಬುದೇ ಮುಂದಿನ ಕತೆ.

ಒಂದು ತಿಂಗಳಾದ ಮೇಲೆ, ಅಕ್ಟೋಬರಿನ ಬಿಸಿಲಿನಲ್ಲಿ, ಕ್ಲಬ್ಬಿಗೆ ರಜೆಯಿದ್ದ ಒಂದು ಭಾನುವಾರ ಅಣ್ಣಾ ನಮ್ಮ ಬಿಲ್ಡಿಂಗಿಗೆ ಬಂದರು. ಬಡಗಿಗಳ ಸ್ಟೀಲ್ ಅಳತೆಟೇಪನ್ನು ತುಂಡರಿಸಿ ಪ್ಲಾಸ್ಟಿಕ್ ಪೈಪಿಗೆ ಬಿಗಿದು ಮಾಡಿದ ಆಂಟೆನಾ ಅವರ ಬಗಲಲ್ಲಿತ್ತು. ಒಂದು ಕೈಯಲ್ಲಿ ಆಂಟೆನಾ, ಇನ್ನೊಂದರಲ್ಲಿ ಮೈಕ್ ಹಿಡಿದರೆ ಡಯಲಿಗೆ ಮೂರನೆಯ ಕೈ ಬೇಕು. ಅದು ಸಾಕ್ಷಿಯ ಕೈಯಾಗಬಾರದೆಂದು ನಿಯಮವಿರಲಿಲ್ಲ; ಅದು ನನ್ನದು. ರಿಸೀವರೂ ನನ್ನದೇ, ಒಳ್ಳೆಯದು, ಬಂದ್ ಮಾಡಿದ ಮೇಲೂ ಕೊನೆಗೆ ನಿಂತ ಅಂಕಿಯನ್ನು ನೆನಪಿಟ್ಟುಕೊಳ್ಳುವಂಥದ್ದು.

ಹನ್ನೊಂದರ ಸುಮಾರಿಗೆ ಸಮುದ್ರದ ಕಡೆಯಿಂದ ಉಪಗ್ರಹ ಏರಿತು. ಗದ್ದಲದ ನಡುವೆ ತೆಳ್ಳಗೆ ಒಂದು ಧ್ವನಿ ಬಂತು. ಒಂದು ದ್ವೀಪ. ನನ್ನ ಮೈಯುರಿಯಿತು. ಆದರೂ ಅಣ್ಣಾ ಕೇಳಿದ್ದಕ್ಕೆ ಡಯಲಿನ ಅಂಕಿಯನ್ನು ಓದಿ ಹೇಳಿದೆ. ಅವರು ಮೈಕನ್ನು ಗಲ್ಲಕ್ಕೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಜೇಬಿನಲ್ಲಿದ್ದ ಹೋಟೆಲಿನ ಬಿಲ್‌ಪುಸ್ತಕದ ಹಾಳೆಯೊಂದರ ಹಿಂಬದಿಗೆ ಅದನ್ನು ಗೀಚಿಕೊಂಡು, ಕರೆದರು. ಆ ಕಡೆಯವನು ಅವರ ಅಕ್ಷರಗಳನ್ನು ತಿರುಗಿ ಹೇಳಿದ. ಅಣ್ಣಾ ಅವನದನ್ನು ಹೇಳಿದರು. ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಮುಗಿಯಿತು.

“ಆಯ್ತು! ಆಯ್ತಲ್ಲ ಮಾಸ್ಟ್ರೆ! ಕೇಳಿದ್ರಲ್ಲ?” ಅವರು ಆಂಟೆನಾವನ್ನು ಇನ್ನೂ ಆಕಾಶಕ್ಕೇ ಹಿಡಿದಿದ್ದರು.

“ಕೇಳಿದೆ. ಯಾವನೋ ಬೊರಿವಲಿಯೊಳಗ ಕುಂತು ಆಟ ಆಡಿಸ್ಲಿಕ್ಕತ್ತಾನ್ರಿ,” ಎಂದೆ. ಸಿಟ್ಟು ಬಂದರೆ ನನ್ನ ಬಾಯಿಗೆ ಧಾರವಾಡದ ಅಪ್ಪನ ಮಾತು ಬರುತ್ತದೆ.

“ಎಂತ ಹೇಳ್ತೀರಿ ಮಾರಾಯ್ರೆ!”

“ಧ್ವನಿ ಒಂದ ಕಡೆ ನಿಂತಿತ್ತು. ನನ್ನ ಕೈ ಡಯಲ್ ಮ್ಯಾಲಿತ್ತು. ತಿರುಗಿಸೇ ಇಲ್ಲ.”

ಅವರು ನನ್ನನ್ನು ನೋಡಿದರು. “ತಿರುಗಿಸಿದ್ರಿ. ನಾನು ನೋಡಿದ್ದೇನೆ.”

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ನಾನು ಎದ್ದುನಿಂತು ಅದನ್ನೇ ಹೇಳಿದೆ. ನನ್ನ ಕೈ ಡಯಲಿನ ಮೇಲಿತ್ತು, ಅದು ತಿರುಗಲಿಲ್ಲ, ಆದ್ದರಿಂದ ಅದು ಉಪಗ್ರಹವಲ್ಲ. ಎಷ್ಟು ಸ್ವಚ್ಛವಾದ ತರ್ಕ! ಎಂಜಿನಿಯರ್ ತಾನು ಈ ಸಲ ಏನೂ ಮಾಡಿಲ್ಲವೆಂದು ಆಣೆ ಹಾಕಿದ. ಅವನ ಆಣೆಗೆ ಕ್ಲಬ್ಬಿನಲ್ಲಿ ಬೆಲೆಯಿರಲಿಲ್ಲ. ದ್ವೀಪದವನು ರಜೆಗೆಂದು ಅಲ್ಲಿಗೆ ಹೋಗಿ ಸೆಟ್ ಹಚ್ಚಿಕೊಂಡಿದ್ದ ಪ್ರವಾಸಿಯಿರಬೇಕು; ಅಣ್ಣಾ ಬರೆದ ಪತ್ರಕ್ಕೆ ಆಮೇಲೂ ಉತ್ತರ ಬರಲಿಲ್ಲ. ಕಾರ್ಯದರ್ಶಿ, ಸರ್ಕಾರಿ ಕಚೇರಿಯಿಂದ ನಿವೃತ್ತನಾದ ಮೇಲೂ ಕಚೇರಿಯಿಂದ ಹೊರಬರದ ಮನುಷ್ಯ, ‘ಸಾಕ್ಷಿ ಪ್ರತಿಕೂಲ’ ಎಂದು ಪುಸ್ತಕದಲ್ಲಿ ಬರೆದುಕೊಂಡ. ಅಣ್ಣಾ ಇಡ್ಲಿ ಬಡಿಸಿದರು. ನಾನು ಎರಡು ತಿಂದೆ. ಮೋಸ ಹೋಗದವನ ತೃಪ್ತಿಯಿಂದ ತಿಂದೆ.

ಜನವರಿಯ ಒಂದು ಬೆಳಿಗ್ಗೆ ಎಸಿ ಲೋಕಲ್‌ನಲ್ಲಿ ಕಾಲೇಜಿಗೆ ಹೊರಟಿದ್ದೆ. ಹಿಡಿಕೆ ಹಿಡಿದು ನಿಂತ ನನ್ನ ತೋರುಬೆರಳಿನ ಗೆಣ್ಣಿನ ಮೇಲೆ, ಮೇಲಿನ ಸಂದಿಯಿಂದ ಒಂದು ತಣ್ಣನೆಯ ಹನಿ ಬಿತ್ತು. ಕೈ ಅಲುಗಿಸಲು ಜಾಗವಿರಲಿಲ್ಲ. ಹನಿ ಗೆಣ್ಣಿನ ಮೇಲೆ ಕೂತಿತು. ಇದನ್ನು ಎಲ್ಲೋ ನೋಡಿದ್ದೇನೆ ಎನಿಸಿತು. ಎಲ್ಲಿ ಎಂದು ಯೋಚಿಸಬೇಕಾಗಲಿಲ್ಲ. ಡಯಲಿನ ಮೇಲೆ ಅಲುಗದೆ ನಿಂತ ನನ್ನ ಕೈ, ಅದೇ ಗೆಣ್ಣಿನ ಮೇಲೆ ನೀರಿನ ಹನಿ. ಕ್ಲಬ್ಬಿನಲ್ಲಿ ನಾನು ಸಾಕ್ಷಿ ಹೇಳುವಾಗ ಕಣ್ಣ ಮುಂದಿದ್ದ ಚಿತ್ರ ಅದೇ. ನಾನು ಅದನ್ನು ನೋಡಿಕೊಂಡೇ, ಓದಿದ ಹಾಗೆ, ಹೇಳಿದ್ದೆ.

ಆದರೆ ಅಕ್ಟೋಬರಿನ ಆ ಭಾನುವಾರ ಹನಿ ಎಲ್ಲಿಂದ ಬಂತು? ಅಂದು ಟೆರೇಸಿನ ಸಿಮೆಂಟಿನ ಮೇಲೆ ಬರಿಗಾಲು ಇಡಲಾಗುತ್ತಿರಲಿಲ್ಲ. ನೀಲಿ ತಾಡಪಾಲನ್ನು ಬಿಚ್ಚಿ ಮಡಚಿಟ್ಟು ಎರಡು ವಾರವಾಗಿತ್ತು. ಹನಿ ತೊಟ್ಟಿಕ್ಕಿದ್ದು ಮಳೆಯಲ್ಲಿ, ತಾಡಪಾಲಿನ ಕೆಳಗೆ, ನನ್ನನ್ನು ಮೂರ್ಖನನ್ನಾಗಿ ಮಾಡಿದ ದಿನ. ಅಲುಗದ ಕೈ ಆ ದಿನದ್ದು. ನನ್ನ ಅವಮಾನದ ದಿನದ ಕೈಯನ್ನು ಎತ್ತಿ ತಂದು ಅಣ್ಣಾನ ದಿನಕ್ಕೆ ಅಂಟಿಸಿದ್ದೆ.

ಹಾಗೆಂದು ಹೊಸ ನೆನಪನ್ನೂ ನಾನು ನಂಬಲಿಲ್ಲ. ಹಳೆಯದು ಸುಳ್ಳು ಹೇಳಿದ್ದರೆ ಇದು ಸತ್ಯ ಹೇಳಬೇಕೆಂದು ಎಲ್ಲಿದೆ? ಸಂಜೆ ಮನೆಗೆ ಬಂದು ಅಟ್ಟದ ಮೇಲಿದ್ದ ರಿಸೀವರಿನ ಚೀಲ ಇಳಿಸಿದೆ. ಅಕ್ಟೋಬರಿನ ನಂತರ ಅದನ್ನು ಮುಟ್ಟಿರಲಿಲ್ಲ. ಹಾಗೆಂದು ಹೆಂಡತಿಯೂ ಹೇಳಿದಳು, ಚೀಲದ ಮೇಲಿನ ಧೂಳೂ ಹೇಳಿತು. ಹಚ್ಚಿದೆ. ಅಂಕಿ ಬೆಳಗಿತು. ಕೊನೆಯ ಮೂರು ಅಂಕಿ, ಮುನ್ನೂರ ಹತ್ತು. ಎಲ್ಲಿಂದ ಹೊರಟಿದ್ದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಒಂದು ಬಿಲ್‌ಪುಸ್ತಕಕ್ಕೆ.

ಮರುದಿನ ರಿಸೀವರನ್ನು ಚೀಲದಲ್ಲಿ ಹಾಕಿಕೊಂಡು ಹೋಟೆಲಿಗೆ ಹೋದೆ. ಮಧ್ಯಾಹ್ನದ ಊಟದ ಗಲಾಟೆ ಇಳಿದಿತ್ತು. ಅಣ್ಣಾ ಕೌಂಟರಿನಲ್ಲಿದ್ದರು. ಕೇಳಿದೆ. ಅವರು ಡ್ರಾಯರಿನಿಂದ ಆ ಪುಸ್ತಕ ತೆಗೆದು ನನ್ನ ಮುಂದೆ ತಿರುಗಿಸಿಟ್ಟರು. ಕೊನೆಯ ಮೂರು ಅಂಕಿ, ಆರುನೂರ ನಲವತ್ತು. ನಾನು ಓದಿದ್ದು, ಅವರು ಬರೆದದ್ದು. ಡಯಲ್ ಕೆಳಗಿಳಿದಿತ್ತು, ಅಷ್ಟು ಹೊತ್ತಿನಲ್ಲಿ ಎಷ್ಟು ಇಳಿಯಬೇಕೋ ಹೆಚ್ಚುಕಡಿಮೆ ಅಷ್ಟೇ. ಎರಡು ರಸ್ತೆಯಾಚೆ ಕೂತವನ ಧ್ವನಿ ಹಾಗೆ ಇಳಿಯುವುದಿಲ್ಲ.

“ಆಮೇಲೆ ನಾನೇ ಸುಮ್ಮನೆ ತಿರುಗಿಸಿರಬಹುದಲ್ಲ?” ಎಂದೆ. ಈ ಚಟ ನನ್ನನ್ನು ಬಿಡುವುದಿಲ್ಲ.

“ಎಲ್ಲಿಂದ? ಇನ್ನೊಂದ್ಸಲ ಕರೀತೇನೆ ಅಂದ್ರೂ ಕೇಳದೆ ಸಿಟ್ಟಿನಲ್ಲಿ ಕೂಡ್ಲೇ ಬಂದ್ ಮಾಡಿದ್ರಿ ನೀವು. ನನ್ನ ಕೈಯಲ್ಲಿ ಮೈಕ್ ಹಾಗೇ ಉಂಟು, ನೀವು ಚೀಲದ ಜಿಪ್ ಎಳೀತಾ ಇದ್ದೀರಿ.” ಅವರು ಪುಸ್ತಕ ಮುಚ್ಚಿದರು. “ಸ್ವರ ದಪ್ಪ ಆಯ್ತು, ಇಳಿಸಿ ಅಂತ ಹೇಳಿದೆ. ಇಳಿಸಿದ್ರಿ. ನೀವು ನನ್ನ ಮಾತು ಕೇಳಿದ್ದೇ ಅದೊಂದು ದಿನ ಮಾಸ್ಟ್ರೆ. ಅದನ್ನೂ ಮರೆತ್ರಿ.”

“ತಪ್ಪಾತ್ರಿ ಅಣ್ಣಾ.”

“ತಪ್ಪಲ್ಲ. ನಿಮಗೆ ತಲೆ ದೊಡ್ಡದು, ಕಿವಿ ಸಣ್ಣದು.” ಅವರು ನಗಲಿಲ್ಲ. “ನನಗೆ ಹೇಳಿ ಎಂತ ಪ್ರಯೋಜನ? ಅಲ್ಲಿ ಹೇಳಿ.”

ಅಲ್ಲಿ ಹೇಳಿದೆ. ಭಾನುವಾರ ರಿಸೀವರನ್ನೂ ಬಿಲ್‌ಪುಸ್ತಕವನ್ನೂ ಮೇಜಿನ ಮೇಲಿಟ್ಟು, ಹನಿಯ ವಿಷಯವನ್ನೂ ಬಿಡದೆ, ನನ್ನ ಸಾಕ್ಷಿ ಸುಳ್ಳಾಗಿತ್ತು ಎಂದೆ. ಮಾತು ಮುಗಿಯುವಾಗ ಯಾರದೋ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಯಾವುದೋ ಉಪಗ್ರಹವನ್ನು ಹಿಂಬಾಲಿಸುತ್ತಿತ್ತು. ಅದನ್ನು ಕೇಳುವವರೇ ಇರಲಿಲ್ಲ.

ಕಾರ್ಯದರ್ಶಿ ತನ್ನ ಪುಸ್ತಕ ತೆರೆದು ಹಳೆಯ ಪುಟ ಹುಡುಕಿದ. “ಈಗ ನಿಮ್ಮ ಹತ್ತಿರ ಎರಡು ನೆನಪು ಇವೆ ಪ್ರೊಫೆಸರ್ ಸಾಹೇಬ್. ನಾವು ಯಾವುದನ್ನು ಬರೆದುಕೊಳ್ಳೋಣ?”

“ನೆನಪು ಬಿಡಿ, ಅಂಕಿ ನೋಡಿ.”

“ಅಂಕಿ ನಿಮ್ಮ ಸೆಟ್ಟಿನದು, ಬಿಲ್ ಇವರ ಹೋಟೆಲಿನದು. ನಿಯಮದಲ್ಲಿ ಇರೋದು ಸಾಕ್ಷಿ.”

ಬರೆದುಕೊಳ್ಳಿ, ನಾನು ಮಾಡಿಲ್ಲ ಎಂದು ಆಗಲೇ ಹೇಳಿದ್ದೆನಲ್ಲ ಎಂದು ಎಂಜಿನಿಯರ್ ಒಬ್ಬನೇ ನಮ್ಮ ಪರವಾಗಿ ಬಾಯಿ ತೆರೆದ. “ಅರೇ, ಲಿಖೋ ನಾ ಯಾರ್! ಮೈನೆ ನಹೀಂ ಕಿಯಾ ಥಾ, ತಬ್ ಭೀ ಬೋಲಾ ಥಾ.” ನಾನು ಅತಿ ಹೆಚ್ಚು ತಿರಸ್ಕರಿಸುತ್ತಿದ್ದವನೇ ಆ ಕೋಣೆಯಲ್ಲಿ ಸತ್ಯ ಹೇಳಿದ್ದ, ಅದೂ ಎರಡು ಸಲ. ಪ್ರಯೋಜನವಾಗಲಿಲ್ಲ. ಹೆಸರು ಏರಿಸುವುದಿಲ್ಲವೆಂದೂ, ಹೇಳಿಕೆ ಬದಲಿಸಿದ ಸದಸ್ಯನ ಸಾಕ್ಷಿಯನ್ನು ಇನ್ನು ಮುಂದೆ ಯಾರ ಪರವಾಗಿಯೂ ಪರಿಗಣಿಸುವುದಿಲ್ಲವೆಂದೂ ನಿರ್ಣಯವಾಯಿತು. ಎರಡನೆಯ ಭಾಗ ನ್ಯಾಯವಾದದ್ದೇ.

ಅಣ್ಣಾ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದರು. ಒಳಗೆ ಬಂದು ಬೋರ್ಡನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಅರ್ಧ ತುಂಬಿದ್ದ ಡಬ್ಬಿಯ ಮುಚ್ಚಳ ಹಾಕಿದರು. ಒಬ್ಬನ ತಟ್ಟೆಯಲ್ಲಿ ಇಡ್ಲಿ ಇತ್ತು, ಚಟ್ನಿ ಬಿದ್ದಿರಲಿಲ್ಲ. ಅವನು ತಟ್ಟೆ ಚಾಚಿದ. ಅವರು ಚಟ್ನಿಯ ಪಾತ್ರೆಯನ್ನೂ ಮುಚ್ಚಿ ಹೊರಟುಹೋದರು. ಮತ್ತೆ ಬರಲಿಲ್ಲ. ನಾನು ಇನ್ನೊಂದೇ ವಾರ ಹೋದೆ. ಅಂದು ಕ್ಲಬ್ಬು ಹದಿನೈದು ನಿಮಿಷ ಚರ್ಚಿಸಿದ್ದು ತಿಂಡಿಯ ಬದಲಿ ವ್ಯವಸ್ಥೆಯನ್ನು.

ಆ ವಾರ ಕಾಲೇಜು ಮುಗಿಸಿ ಹೋಟೆಲಿಗೆ ಹೋದಾಗ ಅಣ್ಣಾ ಅದೇ ಬಿಲ್‌ಪುಸ್ತಕವನ್ನೂ ಒಂದು ಪೆನ್ನನ್ನೂ ನನ್ನ ಮುಂದಿಟ್ಟರು.

“ಬರೀರಿ. ನಿಮ್ಮ ಸೆಟ್ಟಿನಲ್ಲಿ ಎಷ್ಟಿತ್ತು, ಯಾರು ತಿರುಗಿಸಿದ್ದು, ಎಲ್ಲ.”

ಆರುನೂರ ನಲವತ್ತರ ಕೆಳಗೆ ಮುನ್ನೂರ ಹತ್ತು ಎಂದು ಬರೆದೆ. ‘ಡಯಲ್ ಇಳಿಸಿದ್ದು ನನ್ನ ಕೈ, ಇಳಿಸಲು ಹೇಳಿದ್ದು ಇವರ ಕಿವಿ’ ಎಂದು ಬರೆದು ಸಹಿ ಮಾಡಿದೆ. ಅವರು ಹಾಳೆಯನ್ನು ಹರಿದು, ಫ್ರೇಮ್ ಹಾಕಿಸಿ, ಕೌಂಟರಿನ ಹಿಂದೆ ಹೋಟೆಲಿನ ಪರವಾನಗಿ ಪತ್ರಗಳ ಸಾಲಿನಲ್ಲಿ ತೂಗುಹಾಕಿದ್ದಾರೆ. ಗಿರಾಕಿಗಳು ಏನದು ಎಂದು ಕೇಳಿದರೆ ಇಡೀ ಕತೆ ಹೇಳುತ್ತಾರೆ. ಕಾಲೇಜಿನ ಒಂದಿಬ್ಬರು ವಿದ್ಯಾರ್ಥಿಗಳು ಈಗ ಕತೆ ಕೇಳಲೆಂದೇ ಬರುತ್ತಾರೆ. ಡಾಪ್ಲರ್ ಅವರಿಗೆ ನನ್ನ ಕ್ಲಾಸಿಗಿಂತ ಅಲ್ಲಿ ಚೆನ್ನಾಗಿ ಅರ್ಥವಾಗುತ್ತದಂತೆ. ಚಹಾ ಕುಡಿಯುವಾಗ ನಾನು ಆ ಹಾಳೆಯನ್ನು ನೋಡುತ್ತೇನೆ. ಕೈ ತಿರುಗಿಸಿದ್ದು ಈಗಲೂ ನೆನಪಿಗೆ ಬರುವುದಿಲ್ಲ. ಓದಿ ನಂಬುತ್ತೇನೆ.

ಸಹಿ ಮಾಡಿ ಪೆನ್ನು ಮುಚ್ಚಹೊರಟಾಗ ಅವರು ತಡೆದಿದ್ದರು.

“ತಾರೀಕು ಹಾಕಿ ಮಾಸ್ಟ್ರೆ. ನಾಳೆ ಇದು ಮಳೆಗಾಲದಲ್ಲಿ ಬರೆದದ್ದು ಅಂತ ಹೇಳಿಯೀರಿ ನೀವು.”