ಬಾಟಲಿಯಲ್ಲಿ ಬಂದ ಸಿಮೆಂಟು

ಲಿಕ್ವಿಡ್ ಸಿಮೆಂಟಿನ ಬಗ್ಗೆ ಮೊದಲು ತಿಳಿದುಕೊಳ್ಳಬೇಕಾದ್ದೆಂದರೆ, ಅದರಿಂದ ಮನೆ ಕಟ್ಟಲು ಬರುವುದಿಲ್ಲ. ಇದನ್ನು ನಾನು ಪಕ್ಕದ ಮನೆಯ ರಂಗಪ್ಪನವರಿಗೆ ಬಿಡಿಸಿ ಹೇಳಬೇಕಾಯಿತು. ಎಂಬತ್ತರ ದಶಕದ ಆರಂಭ. ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ. ರಂಗಪ್ಪನವರು ಶೆಟ್ಟಿಹಳ್ಳಿಯ ಸೈಟಿನಲ್ಲಿ ಗೋಡೆ ಎಬ್ಬಿಸಿ, ತಾರಸಿಯ ಜಾಗದಲ್ಲಿ ಸದ್ಯಕ್ಕೆ ಆಕಾಶವನ್ನಿಟ್ಟುಕೊಂಡು ಕಾಯುತ್ತಿದ್ದರು. ತುಮಕೂರಿನ ನಮ್ಮ ಬಾಡಿಗೆ ಮನೆಗೆ ಫಾರಿನ್ ಸಿಮೆಂಟು ಬಂದಿದೆಯೆಂದು ಕೇಳಿ ಬೆಳಿಗ್ಗೆಯೇ ಬಂದರು. ತೋರಿಸಿದೆ. ಶಾಯಿ ಬಾಟಲಿಯಷ್ಟಿತ್ತು, ಮುಚ್ಚಳಕ್ಕೇ ಅಂಟಿಕೊಂಡ ಒಂದು ಸಣ್ಣ ಬ್ರಷ್ಷು.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಮೂಟೆ ಲೆಕ್ಕದಲ್ಲಿ ಸಿಗಲ್ವಾ?" ಎಂದರು.

ಬಾಟಲಿ ತಂದವರು ನನ್ನ ಹೆಂಡತಿ ಜಯಳ ಅಣ್ಣ, ಕುಣಿಗಲ್ಲಿನ ಗಂಗಣ್ಣ. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದು, ನಿವೃತ್ತರಾಗಿ ಊರಿಗೆ ಮರಳಿದ್ದರು. ಬಂದ ಮೇಲೆ ಕೈ ನಡುಗುವ ಕಾಯಿಲೆ ಹಿಡಿಯಿತು. ಇಂಜಿನ್ನು ಬಿಚ್ಚಿ ಜೋಡಿಸಿದ ಕೈಗೆ ಅಂಗಿಯ ಗುಂಡಿ ಹಾಕಲು ಆಗದು. ಮೊದಲು ಜನರ ಮುಂದೆ ಕಾಫಿ ಕುಡಿಯುವುದನ್ನು ಬಿಟ್ಟರು, ಆಮೇಲೆ ಜನರನ್ನೇ ಬಿಟ್ಟರು, ಕೊನೆಗೆ ಮಾತನ್ನೂ ಬಿಟ್ಟರು. ಡಾಕ್ಟರಿಗೆ ತೋರಿಸಲು ಜಯ ಅವರನ್ನು ನಮ್ಮಲ್ಲಿಗೆ ಕರೆತಂದಳು. ಅವರ ಟ್ರಂಕಿನಲ್ಲಿ ಹಳೆಯ ಗೆಳೆಯರೊಬ್ಬರು ಹೊರದೇಶದಿಂದ ತಂದುಕೊಟ್ಟ ಒಂದು ಡಬ್ಬಿಯಿತ್ತು. ಒಳಗೆ ಅವರು ರಿಪೇರಿ ಮಾಡುತ್ತಿದ್ದ ವಿಮಾನದ್ದೇ ಪ್ಲಾಸ್ಟಿಕ್ ಮಾದರಿ, ಬಿಡಿ ಬಿಡಿ ಭಾಗಗಳಾಗಿ; ಜೊತೆಗೆ ಅವನ್ನು ಅಂಟಿಸಲು ಈ ಬಾಟಲಿ.

"ನೀವೇ ಮಾಡಿ ಮೇಷ್ಟ್ರೇ. ನನ್ ಕೈಲಾಗಲ್ಲ" ಎಂದು ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು. ಮನೆಯಲ್ಲಿ ಫ್ಯೂಸು ಹೋದರೆ ಜಯ ಬೇರೆ ಯಾರನ್ನಾದರೂ ಕರೆಯುತ್ತಿದ್ದಳು. ಆದರೂ ಕುಳಿತೆ. ಕಾವಲಿಗೆ ಎಣ್ಣೆ ಸವರುವ ಹಾಗೆ ರೆಕ್ಕೆಯ ಎರಡು ಹೋಳಿಗೂ ಸಿಮೆಂಟು ಸವರಿ, ಒತ್ತಿ ಹಿಡಿದೆ. ಕೈ ತೆಗೆದಾಗ ರೆಕ್ಕೆಯ ಮೇಲೆ ನನ್ನ ಹೆಬ್ಬೆಟ್ಟು ರೇಖೆ ರೇಖೆಯಾಗಿ ಮೂಡಿತ್ತು.

ಗಂಗಣ್ಣ ಅದನ್ನು ನೋಡಿದರು. ನಮ್ಮ ಮನೆಗೆ ಬಂದ ಮೇಲಿನ ಅವರ ಅತಿ ದೀರ್ಘ ಭಾಷಣ ಹೊರಬಿತ್ತು. "ಅದು ಗೋಂದಲ್ಲ ಮೇಷ್ಟ್ರೇ. ಪ್ಲಾಸ್ಟಿಕ್ಕನ್ನೇ ಕರಗ್ಸುತ್ತೆ. ಎರಡೂ ಕರಗಿ ಒಂದೇ ಆಗೋಯ್ತವೆ, ವೆಲ್ಡಿಂಗ್ ಇದ್ದಂಗೆ. ಮೊದ್ಲು ಏನೂ ಹಚ್ಚದೆ ಜೋಡ್ಸಿ ಹಿಡ್ಕಳಿ, ಸಂದಿ ಮೇಲೆ ಬೆರಳಿಡ್ಬೇಡಿ. ಆಮೇಲೆ ಬ್ರಷ್ ತುದಿ ಸಂದಿಗೆ ಮುಟ್ಸಿ ಸಾಕು. ಅದೇ ಓಡ್ಕಂಡು ಹೋಯ್ತದೆ."

ಮುಟ್ಟಿಸಿದೆ. ಓಡಿತು. ದೀಪದ ಬತ್ತಿಗೆ ಎಣ್ಣೆ ಏರುವುದಕ್ಕೂ ಇದಕ್ಕೂ ಕಾರಣ ಒಂದೇ, ಲೋಮನಾಳ ಕ್ರಿಯೆ. ವರ್ಷಾನುಗಟ್ಟಲೆ ಪಾಠ ಮಾಡಿದ್ದೆ. ಅದು ನಿಜಕ್ಕೂ ನಡೆಯುತ್ತದೆಂದು ಆ ದಿನ ಖಾತ್ರಿಯಾಯಿತು.

ಅಲ್ಲಿಂದ ದಿನವೂ ತಿಂಡಿಯಾದ ಮೇಲೆ ಅವರು ಹೇಳುವುದು, ನಾನು ಮಾಡುವುದು. ಕಿಟಕಿ ತೆರೆದಿಡಬೇಕು, ವಾಸನೆಗೆ ತಲೆ ಸುತ್ತುತ್ತದೆ. ಬಣ್ಣ ಬಳಿದಿದ್ದರೆ ಅಂಟಿಸುವ ಅಂಚಿನಲ್ಲಿ ಕೆರೆದು ತೆಗೆಯಬೇಕು. ಪೈಲಟ್ಟಿನ ಗಾಜಿಗೆ ಮಾತ್ರ ಈ ಸಿಮೆಂಟು ಕೂಡದು, ಮಂಜು ಹಿಡಿದಂತಾಗುತ್ತದೆ. ಅದಕ್ಕೆ ಬಿಳಿ ಗೋಂದು. ಬಾಟಲಿ ಉರುಳದಂತೆ ಕಾಫಿ ಡವರಾದಲ್ಲಿ ನಿಲ್ಲಿಸಬೇಕು. ಈ ಕೊನೆಯದು ನನ್ನ ಸ್ವಂತ ಸಂಶೋಧನೆ. ಜಯ ಒಪ್ಪಲಿಲ್ಲ.

ಒಂದು ದಿನ ಬಾಲದ ಹತ್ತಿರ ಹೋಳುಗಳನ್ನು ಬಿಗಿದಿದ್ದ ರಬ್ಬರ್ ಬ್ಯಾಂಡು ಹರಿಯಿತು. ಎರಡು ಹೋಳನ್ನೂ ಒತ್ತಿ ಹಿಡಿದು ನನ್ನ ಕೈಗಳೆರಡೂ ಸಿಕ್ಕಿಬಿದ್ದವು. "ಭಾವ, ಬ್ರಷ್ ಸ್ವಲ್ಪ ಮುಟ್ಸಿ" ಎಂದುಬಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಜಯ ನಿಂತುಬಿಟ್ಟಳು. ಗಂಗಣ್ಣ ಬ್ರಷ್ಷನ್ನೇ ನೋಡುತ್ತ ಕುಳಿತರು. ಕೊನೆಗೆ ತೆಗೆದುಕೊಂಡರು. ಅದು ಗಾಳಿಯಲ್ಲೆಲ್ಲ ಅಲೆದಾಡಿ, ಸಂದಿಯನ್ನು ಎಲ್ಲೋ ಒಂದು ಕಡೆ ಮುಟ್ಟಿತು. ಎಲ್ಲಿ ಮುಟ್ಟಿದರೂ ಸಿಮೆಂಟಿಗೆ ದಾರಿ ಗೊತ್ತಿತ್ತು. ಸರ್ರನೆ ಬಾಲದ ತುದಿಯವರೆಗೆ ಹೋಯಿತು. ಒಂದು ಹನಿ ಮಾತ್ರ ರೆಕ್ಕೆಗೆ ಸಿಡಿಯಿತು. ಜಯ ಬಟ್ಟೆ ಹಿಡಿದು ಓಡಿ ಬಂದಳು.

"ಒರ್ಸಬೇಡ ಕಣೇ! ಒರ್ಸಿದ್ರೆ ಕಲೆ ಆಯ್ತದೆ. ಬುಟ್ರೆ ತಾನೇ ಹಾರೋಯ್ತದೆ."

ಹಾರಿಹೋಯಿತು. ಉಳಿದ ಸಂದಿಗಳನ್ನೆಲ್ಲ ಅವರೇ ಮುಟ್ಟಿಸಿದರು. ಅಷ್ಟರಲ್ಲಿ ರಂಗಪ್ಪನವರು ಬಂದು ಪರ್ಮಿಟ್ಟಿನ ಕಷ್ಟ ತೋಡಿಕೊಳ್ಳತೊಡಗಿದರು. ಜಯ ಎಲ್ಲರಿಗೂ ಕಾಫಿ ಕೊಟ್ಟಳು, ಅಣ್ಣನಿಗೂ. ಅವರು ಕುಡಿದರು. ಅರ್ಧ ಲುಂಗಿಗೆ ಹೋಯಿತು. ರಂಗಪ್ಪನವರಿಗೆ ತಮ್ಮ ತಾರಸಿ ಬಿಟ್ಟರೆ ಲೋಕದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಅವರಿಂದ ನಮ್ಮ ಮನೆಗೆ ಆದ ಉಪಕಾರಗಳಲ್ಲಿ ಇದೇ ದೊಡ್ಡದು.

ಕಾಯಿಲೆ ವಾಸಿಯಾಗಲಿಲ್ಲ. ಮಾತ್ರೆಯಿಂದ ತುಸು ತಗ್ಗಬಹುದು ಅಷ್ಟೇ ಎಂದರು ಡಾಕ್ಟರು. ಗಂಗಣ್ಣ ಊರಿಗೆ ಹೊರಟರು, ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು. ಪಕ್ಕದ ಸೀಟಿನ ಹೆಂಗಸು ಕೇಳಿದಳು: "ಇದು ಹಾರ್ತದಾ ಯಜಮಾನ್ರೇ?"

"ಹಾರ್ಸೋರು ಬೇರೆ ಇರ್ತಾರೆ ಕಣಮ್ಮಾ. ನಾನು ರಿಪೇರಿ."

ಆಮೇಲೆ ಹೆಬ್ಬೂರು ದಾಟಿ ಕುಣಿಗಲ್ ಕೆರೆ ಕಾಣುವವರೆಗೂ ಅವರ ಮಾತು ನಿಲ್ಲಲಿಲ್ಲ. ಸುತ್ತಲಿನವರೆಲ್ಲ ಕತ್ತು ಚಾಚಿ ಕೇಳಿದರು. ಅವರ ಕೈ ನಡುಗುತ್ತಿರುವುದನ್ನು ಯಾರೂ ಗಮನಿಸಲಿಲ್ಲ. ಆ ರಸ್ತೆಯಲ್ಲಿ ಡ್ರೈವರನಿಂದ ಹಿಡಿದು ಹಿಂದಿನ ಸೀಟಿನವರೆಗೆ ನಾವೆಲ್ಲರೂ ನಡುಗುತ್ತಿದ್ದೆವು.