ಒಬ್ಬರು ಹೊರುವ ಚೀಲ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ಅವಳ ಕೆಲಸ. ವಾರವಿಡೀ ತಿರುಗುವ ಚಕ್ರದ ಮುಂದೆ ಕೂತು, ಯಾರ ಯಾರ ಕಣ್ಣಿಗೋ ಬೇಕಾದ ಗಾಜನ್ನು ನುಣುಪು ಮಾಡಿ ಚೌಕಟ್ಟಿಗೆ ಕೂರಿಸುತ್ತಿದ್ದಳು. ಭಾನುವಾರ ಬಂತೆಂದರೆ ಅದೇ ಹೆಂಗಸು ಕಾಲಿಗೆ ದಪ್ಪ ಪ್ಯಾಡು, ಎದೆಗೆ ಕವಚ, ತಲೆಗೆ ಹೆಲ್ಮೆಟ್ಟು ಏರಿಸಿಕೊಂಡು, ಹಾಕಿ ಆಟದ ಮೈದಾನದಲ್ಲಿ ಗೋಲಿನ ಮುಂದೆ ನಿಲ್ಲುತ್ತಿದ್ದಳು. ಅವಳು ನಲವತ್ತು ದಾಟಿದ್ದಳು, ಆದರೆ ಚೆಂಡು ಅವಳನ್ನು ದಾಟುವುದು ಅಪರೂಪವಾಗಿತ್ತು. ತಂಡದವರು ಅವಳನ್ನು ಗೋಡೆ ಎನ್ನುತ್ತಿದ್ದರು. ಚಿಕ್ಕವರು ಮರ್ಯಾದೆಗೆ ಒಂದು ‘ಅಕ್ಕ’ ಸೇರಿಸಿ ಗೋಡೆಯಕ್ಕ ಎನ್ನುತ್ತಿದ್ದರು.

ಗೋಡೆಗೆ ಒಬ್ಬಳು ತಂಗಿ. ಮನೆಯಲ್ಲಿ ಕರೆಯುವ ಹೆಸರು ಪುಟ್ಟಿ. ಅಪ್ಪ ಅಮ್ಮ ಹೋದ ಮೇಲೆ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಅಕ್ಕತಂಗಿಯರಿಬ್ಬರೇ ಇದ್ದರು. ಒಂದೇ ತಂಡದಲ್ಲಿ ಆಡುತ್ತಿದ್ದರು. ಅಕ್ಕ ಗೋಲಿನಲ್ಲಿ, ತಂಗಿ ಅವಳ ಮುಂದೆ ರಕ್ಷಣೆಗೆ. ಇಬ್ಬರ ಸಾಮಾನಿಗೂ ಒಂದೇ ಚೀಲ. ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ ಅಪ್ಪ ಉಳಿದ ತುಂಡಿನಲ್ಲಿ ಹೊಲಿದುಕೊಟ್ಟದ್ದು ಅದು. ಹಸಿರು ಬಣ್ಣ, ಆಳೆತ್ತರದ ಉದ್ದ, ಎರಡು ತುದಿಗೂ ಒಂದೊಂದು ಹಿಡಿ. ಮುಂದಿನ ಹಿಡಿ ಪುಟ್ಟಿಯದು, ಹಿಂದಿನದು ಅಕ್ಕನದು. ಪುಟ್ಟಿಗೆ ಸದಾ ಅವಸರ, ಅಕ್ಕನಿಗೆ ನಿಧಾನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಬೈದಾಡಿಕೊಂಡೇ ಬಸ್ ನಿಲ್ದಾಣ ಮುಟ್ಟುತ್ತಿದ್ದರು. ಅವರು ಮೈದಾನದ ಗೇಟಿನಲ್ಲಿ ಕಾಣಿಸಿದರೆ ತಂಡದವರು, ಹೆಣ ಬಂತು ದಾರಿ ಬಿಡಿ ಎಂದು ನಗುತ್ತಿದ್ದರು.

ಪುಟ್ಟಿ ಜಾನುವಾರು ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದಳು. ದೂರದ ಬಂದರಿನಲ್ಲಿ ಕ್ರೇನ್ ಓಡಿಸುವವನೊಬ್ಬ, ಅಣ್ಣನ ಮನೆಗೆಂದು ಬಂದವನು, ತನ್ನ ಮುದಿ ನಾಯಿಯನ್ನು ಅಲ್ಲಿಗೆ ಕರೆತಂದ. ನಾಯಿ ಉಳಿಯಲಿಲ್ಲ, ಪರಿಚಯ ಉಳಿಯಿತು. ನಾಯಿ ಇಲ್ಲದಿದ್ದರೂ ಅವನು ರಜೆ ಸಿಕ್ಕಾಗಲೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಬಂದು ಕೂರತೊಡಗಿದ. ಮದುವೆಯ ಮಾತನ್ನೇ ಮರೆತಿದ್ದ ಪುಟ್ಟಿ ಆ ವರ್ಷದ ಕೊನೆಯಲ್ಲಿ ಅವನನ್ನು ಮದುವೆಯಾದಳು. ಸಾಕ್ಷಿಗೆ ಸಹಿ ಹಾಕಿದವಳು ಅಕ್ಕನೇ. ಗಂಡನ ಊರಿಗೆ ರೈಲು ಹೊರಡುವಾಗ ಪುಟ್ಟಿ ಅತ್ತಳು, ಅಕ್ಕ ಅಳಲಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಸಂಬಂಧ. ಅಳಲು ಕಾರಣವೇ ಇರಲಿಲ್ಲ. ಸತ್ತವರಿಗಾದರೆ ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ. ಸುಖವಾಗಿ ಹೋದವರಿಗಾಗಿ ದುಃಖಪಟ್ಟರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಅವಳು ಎಲ್ಲವನ್ನೂ ನುಂಗಿಕೊಂಡಳು.

ಮನೆಯಲ್ಲಿ ಅಕ್ಕನಿಗೆ ಕಿಟಕಿ ಮುಚ್ಚಿರಬೇಕು, ತಂಗಿಗೆ ತೆರೆದಿರಬೇಕು. ಇಷ್ಟು ವರ್ಷ ಅದಕ್ಕೊಂದು ಜಗಳ ದಿನವೂ ನಡೆದಿತ್ತು. ಈಗ ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಅವಳು ಮುಚ್ಚಿದಳು, ಉಸಿರು ಕಟ್ಟಿದಂತಾಯಿತು. ತೆರೆದಳು, ಚಳಿಯಾಯಿತು. ಕೊನೆಗೆ ಅರ್ಧ ತೆರೆದಿಟ್ಟು ಮಲಗಿದಳು.

ಮುಂದಿನ ಭಾನುವಾರ ಹಸಿರು ಚೀಲವನ್ನು ಒಬ್ಬಳೇ ಒಯ್ಯಲು ಹೋದಳು. ಎತ್ತಲಾಗದೆ ಮೆಟ್ಟಿಲಿನ ಮೇಲೆ ಎಳೆದಳು. ಎರಡನೇ ಮಹಡಿ ಬರುವಷ್ಟರಲ್ಲಿ ತಳ ಹರಿದು ಪ್ಯಾಡಿನ ಮೂತಿ ಹೊರಗೆ ಬಂತು. ತಳದ ಬಟ್ಟೆಯೇ ಜೀರ್ಣವಾಗಿತ್ತು, ಹೊಲಿಗೆ ನಿಲ್ಲುವಂತಿರಲಿಲ್ಲ. ಆ ದಿನದ ಆಟ ತಪ್ಪಿತು. ಮರುದಿನ ಸಂಜೆ ಅವಳು ಕ್ರೀಡಾ ಸಾಮಾನಿನ ಅಂಗಡಿಗೆ ಹೋದಳು.

ಅಂಗಡಿಯವನು ಭಾರೀ ಮೈಯ, ನಿಧಾನ ಮಾತಿನ ಮನುಷ್ಯ. ಅವಳು ಗೋಲಿಗೆ ನಿಲ್ಲುವವಳೆಂದು ತಿಳಿದ ಕೂಡಲೇ ಮುಂದೆ ತೂಗುಹಾಕಿದ್ದ ಸಪೂರ ಚೀಲಗಳನ್ನೆಲ್ಲ ಪಕ್ಕಕ್ಕೆ ತಳ್ಳಿದ. ಬರೀ ಸ್ಟಿಕ್ಕು, ಶೂಸು ಇರುವವರಿಗೆ ಅವು ಸಾಕು, ನಿಮಗಲ್ಲ ಎಂದ. ಸ್ಟಿಕ್ಕು ಪೂರ್ತಿ ಒಳಗೆ ಹೋಗಬೇಕು, ತುದಿ ಹೊರಗುಳಿದರೆ ಮಳೆಗೆ ಕೆಡುತ್ತದೆ. ಬಾಯಿ ಅಗಲವಿರಬೇಕು, ಇಲ್ಲವಾದರೆ ಪ್ಯಾಡು ತುರುಕುವುದೇ ಒಂದು ಆಟವಾಗುತ್ತದೆ. ಬೆವರು ಆರಲು ಜಾಲರಿ ಬೇಕು, ಕೆಸರು ಶೂಸಿಗೆ ಬೇರೆ ಖಾನೆ ಬೇಕು ಎಂದೆಲ್ಲ ವಿವರಿಸಿದ. ಆಮೇಲೆ ಮೈದಾನಕ್ಕೆ ಹೇಗೆ ಹೋಗುತ್ತೀರಿ, ಮನೆಗೆ ಮೆಟ್ಟಿಲಿದೆಯೇ ಎಂದು ವಿಚಾರಿಸಿದ. ಬಸ್ಸಿನಲ್ಲಿ, ಮೂರನೇ ಮಹಡಿ ಎಂದಳು.

“ಹೊರೋಕೆ ಜೊತೆಗೆ ಯಾರಾದ್ರೂ ಇರ್ತಾರಾ?”

ಸಾಮಾನ್ಯವಾದ ಪ್ರಶ್ನೆ. ಶೂಸಿನ ಅಳತೆ ಕೇಳಿದ ಹಾಗೇ ಕೇಳಿದ್ದ.

“ಇರ್ತಾಳೆ. ತಂಗಿ.”

ಹಾಗಿದ್ದರೆ ಚಿಂತೆಯೇ ಇಲ್ಲ ಎಂದು ಅವನು ಎರಡು ತುದಿಗೂ ಹಿಡಿಯಿದ್ದ ದೊಡ್ಡ ಕಪ್ಪು ಚೀಲವನ್ನು ಇಳಿಸಿದ. ಇಬ್ಬರು ಹಿಡಿದರೆ ಇದಕ್ಕಿಂತ ಸಲೀಸು ಬೇರೆ ಇಲ್ಲ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲ, ನಾನೊಬ್ಬಳೇ ಎನ್ನಲು ಬಾಯಿ ಬರಲಿಲ್ಲ. ಅದೇ ಚೀಲ ಕೊಂಡು ಮನೆಗೆ ಬಂದಳು.

ಮುಂದಿನ ಭಾನುವಾರ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಚೀಲವನ್ನು ಅಪ್ಪಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಬಸ್ಸು ಬಂತು, ಚೀಲದ ಒಂದು ತುದಿ ಒಳಗಿಟ್ಟರೆ ಇನ್ನೊಂದು ತುದಿ ರಸ್ತೆಯಲ್ಲೇ ಉಳಿಯಿತು. ಒಳಗೆ ಯಾರನ್ನ ತುಂಬಿದ್ದೀರಮ್ಮ ಎಂದು ಯಾರೋ ಹಾಸ್ಯ ಮಾಡಿದರು, ಕೆಲವರು ನಕ್ಕರು, ಯಾರೂ ಕೈ ಹಾಕಲಿಲ್ಲ. ಹಿಂದಿನವರು ಗೊಣಗತೊಡಗಿದಾಗ ಅವಳು ತಾನೇ ಚೀಲ ಹೊರಗೆಳೆದುಕೊಂಡು, ನೀವು ಹೋಗಿ ಎಂದು ಕೈ ಮಾಡಿದಳು. ಮೈದಾನದವರೆಗೂ ನಡೆದಳು; ಹತ್ತು ಹೆಜ್ಜೆಗೊಮ್ಮೆ ಇಳಿಸಿ, ಕೈ ಬದಲಿಸಿ, ಮತ್ತೆ ಎತ್ತಿ.

ಅವಳು ಮುಟ್ಟುವಾಗ ಅರ್ಧ ಆಟ ಮುಗಿದಿತ್ತು. ಗೋಲಿನಲ್ಲಿ ಮುಂಚೂಣಿಯ ಆಟಗಾರ್ತಿಯೊಬ್ಬಳು ಪ್ಯಾಡಿಲ್ಲದ ಕಾಲಿಗೆ ಪೆಟ್ಟು ತಿನ್ನುತ್ತ ನಿಂತಿದ್ದಳು, ಗೋಲಿನ ಮೇಲೆ ಗೋಲು ಬಿದ್ದಿತ್ತು. ತಂಡದ ನಾಯಕಿ ಶಾಲಾ ವ್ಯಾನು ಓಡಿಸುವವಳು, ಮಾತಿನಲ್ಲಿ ಖಡಕ್ಕು. ಅವಳು ಬೈಯಲಿಲ್ಲ. ಗೋಡೆಯ ಕೆಂಪಗಾದ ಅಂಗೈಯನ್ನು ತಿರುಗಿಸಿ ನೋಡಿದಳು.

“ಒಂದು ಮಾತು ಹೇಳಿದ್ರೆ ನಾನು ಬರ್ತಿರಲಿಲ್ವಾ?”

“ನಿಮ್ಮ ಮನೆ ಊರಿನ ಆ ತುದಿ. ಯಾಕೆ ತೊಂದರೆ ಅಂತ.”

“ಗೋಡೆಗೂ ಕಿವಿ ಇರುತ್ತೆ ಅಂತಾರೆ. ಸ್ವಲ್ಪ ಬಾಯೂ ಇರಲಿ, ಗೋಡೆಯಕ್ಕ.”

ಸುತ್ತಲಿದ್ದವರು ನಕ್ಕರು. ಗೋಡೆಯೂ ನಕ್ಕಳು. ಆದರೆ ಹೆಲ್ಮೆಟ್ಟು ಹಾಕಿಕೊಂಡ ಮೇಲೆ, ಯಾರಿಗೂ ಮುಖ ಕಾಣದಂತಾದ ಮೇಲೆ, ಅವಳಿಗೆ ಅಳು ಬಂತು. ರೈಲಿನ ಮುಂದೆ ಬಾರದ ಅಳು, ಎದುರಾಳಿ ಚೆಂಡು ಹಿಡಿದು ಬರುತ್ತಿರುವಾಗ ಬಂತು. ಆ ಚೆಂಡನ್ನು ಅವಳು ಕಾಲಿನಿಂದ ತಡೆದಳು. ಮುಂದಿನದು ಒಳಗೆ ಹೋಯಿತು. ತಂಡ ಸೋತಿತು. ನಾಯಕಿಯೇ ವ್ಯಾನಿನಲ್ಲಿ ಅವಳನ್ನು ಮನೆಯವರೆಗೆ ಬಿಟ್ಟಳು.

ಮತ್ತೆ ಅಂಗಡಿಗೆ ಹೋಗುವಾಗ ಅವಳಿಗೆ ಕಾಲೇ ಬರಲಿಲ್ಲ. ಚೀಲದ ತಳ ಸವೆದಿತ್ತು, ಕೆಸರು ಮೆತ್ತಿತ್ತು. ಬಳಸಿದ್ದನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ? ಕೌಂಟರಿನ ಮೇಲೆ ಅದನ್ನಿಟ್ಟು, ತಲೆ ತಗ್ಗಿಸಿಯೇ ಹೇಳಿದಳು.

“ಅವತ್ತು ಸುಳ್ಳು ಹೇಳಿದೆ. ಜೊತೆಗೆ ಯಾರೂ ಇರಲ್ಲ. ನಾನೊಬ್ಬಳೇ.”

ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಂಗಡಿಯವನು ಚೀಲವನ್ನು ತಿರುಗಿಸಿ ತಳ ನೋಡಿದ. ಆಮೇಲೆ, ಕೆಸರು ತೊಳೆದರೆ ಹೋಗುತ್ತೆ ಬಿಡಿ ಎಂದು ಚೀಲವನ್ನು ಕೆಳಗಿಟ್ಟು, ಒಳಗಿನಿಂದ ಇನ್ನೊಂದನ್ನು ತಂದ. ಅದಕ್ಕೆ ಕೆಳಗೆ ಎರಡು ಚಕ್ರ, ಬೆನ್ನಿಗೆ ಎರಡು ದಪ್ಪ ಪಟ್ಟಿ. ರಸ್ತೆಯಲ್ಲಿ ಎಳೆಯಿರಿ, ಮೆಟ್ಟಿಲಲ್ಲಿ ಬೆನ್ನಿಗೆ ಹಾಕಿಕೊಳ್ಳಿ ಎಂದ. ಬರೀ ಮಾತಿಗೆ ಬಿಡಲಿಲ್ಲ. ಅಂಗಡಿಯಲ್ಲಿದ್ದ ಪ್ಯಾಡು, ಕವಚಗಳನ್ನೆಲ್ಲ ತುಂಬಿಸಿ, ಅಟ್ಟದ ಮೆಟ್ಟಿಲು ಹತ್ತಿ ಇಳಿಯಲು ಹೇಳಿದ. ಅವಳು ಹತ್ತಿದಳು. ಪಟ್ಟಿ ಬಿಗಿಮಾಡಿದ, ಮತ್ತೆ ಹತ್ತಿದಳು. ಭಾರ ಹೆಗಲಿಗಿಂತ ಸೊಂಟದ ಮೇಲೆ ಕೂರಬೇಕು ಎಂದು ಇನ್ನೊಮ್ಮೆ ಹತ್ತಿಸಿದ. ಬೇರೆ ಗಿರಾಕಿಗಳು ಬಂದು ನಿಂತು ನೋಡಿದರು. ಅವಳಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಬೇರೆ ಗಿರಾಕಿಗಳ ಕಡೆ ತಿರುಗುವ ಮುಂಚೆ ಅವನು, ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎಂದ. ತನಗೆ ಹೇಳಿದನೋ ತನ್ನಷ್ಟಕ್ಕೆ ಹೇಳಿಕೊಂಡನೋ ಅವಳಿಗೆ ತಿಳಿಯಲಿಲ್ಲ.

ಆ ವಾರ ಪುಟ್ಟಿಯ ಫೋನು ಬಂತು. ಬಂದರಿನ ಊರಿನಲ್ಲಿ ಹೆಂಗಸರ ತಂಡವಿಲ್ಲವಂತೆ. ಇದ್ದರೂ ಈಗ ಆಡುವ ಹಾಗಿಲ್ಲ, ನೀನು ದೊಡ್ಡಮ್ಮ ಆಗ್ತಿದ್ದೀಯ ಎಂದು ನಗುತ್ತಲೇ ಹೇಳಿದಳು. ಅಕ್ಕನಿಗೆ ನಿಜಕ್ಕೂ ಸಂತೋಷವಾಯಿತು. ಊಟ, ನಿದ್ದೆ, ವೈದ್ಯರು ಎಂದು ನೂರೆಂಟು ಪ್ರಶ್ನೆ ಕೇಳಿದಳು. ಹೊಸ ಚೀಲದ ಮಾತೂ ಬಂತು.

“ಅದ್ರಲ್ಲಿ ನನ್ನ ಸ್ಟಿಕ್ಕೂ ಹಿಡಿಸುತ್ತಾ ಅಕ್ಕ?”

“ಹಿಡಿಸುತ್ತೆ.”

“ಹಾಗಾದ್ರೆ ತಗೊಂಡು ಹೋಗಿ ಯಾರಿಗಾದ್ರೂ ಕೊಟ್ಬಿಡು. ಮೂಲೇಲಿ ಸುಮ್ನೆ ಯಾಕೆ?”

ಫೋನು ಇಟ್ಟ ಮೇಲೆ ಅವಳು ಮೂಲೆಯಲ್ಲಿದ್ದ ಸ್ಟಿಕ್ಕನ್ನು ತೆಗೆದು ಧೂಳು ಒರೆಸಿದಳು. ಕೊಡುವುದಿಲ್ಲ ಎಂದು ಒಮ್ಮೆ ಮನಸ್ಸು ಗಟ್ಟಿ ಮಾಡಿದಳು. ಭಾನುವಾರ ಬೆಳಿಗ್ಗೆ ಚೀಲದ ಪಕ್ಕದ ಖಾನೆಗೆ ಅದನ್ನೂ ಸೇರಿಸಿದಳು.

ಮೆಟ್ಟಿಲಿಳಿಯುವಾಗ ಬೆನ್ನಿನ ಭಾರ ಸೊಂಟಕ್ಕೆ ಸರಿಯಾಗಿ ಕೂತಿತ್ತು. ಚಕ್ರದ ಗಡಗಡ ಸದ್ದು ಖಾಲಿ ರಸ್ತೆಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು, ಬೈಯುವವರು ಯಾರೂ ಇರಲಿಲ್ಲ. ಬಸ್ಸಿಗೆ ಒಬ್ಬಳೇ ಹತ್ತಿದಳು. ಪುಟ್ಟಿಯ ಜಾಗಕ್ಕೆ ಬಂದಿದ್ದವಳು ಬೇಕರಿಯ ಲೆಕ್ಕದವಳು, ಮಾತು ಕಡಿಮೆ. ಸ್ಟಿಕ್ಕನ್ನು ತೂಗಿ ನೋಡಿ, ಚೆನ್ನಾಗಿದೆ ಎಂದು ತೆಗೆದುಕೊಂಡು ಹೋದಳು.

ಆ ದಿನ ಎದುರಾಳಿಗಳು ಜೋರಾಗಿದ್ದರು. ಆಟದ ನಡುವೆ ಒಬ್ಬಳು ಚೆಂಡು ತಳ್ಳಿಕೊಂಡು ಗೋಲಿನ ಮುಂದಿನ ವೃತ್ತದೊಳಗೆ ನುಗ್ಗಿದಾಗ ಗೋಡೆಯ ಬಾಯಿಂದ ಕೂಗು ತಾನಾಗಿ ಹೊರಟಿತು.

“ಪುಟ್ಟಿ, ಎಡಕ್ಕೆ!”

ಬೇಕರಿಯವಳು ಹಿಂದೆ ತಿರುಗಿ ನೋಡದೆ ಎಡಕ್ಕೆ ಓಡಿ, ಸ್ಟಿಕ್ಕು ಚಾಚಿ ಚೆಂಡನ್ನು ಕಿತ್ತು ಹೊರಗೆ ಹೊಡೆದಳು. ಆಮೇಲೂ ಅದೇನು ಹೆಸರು ಎಂದು ಕೇಳಲಿಲ್ಲ. ಗೋಡೆ ಮತ್ತೆ ಗೋಲಿನ ಕಂಬದ ಬಳಿಗೆ ಸರಿದು, ಮೊಣಕಾಲು ಬಗ್ಗಿಸಿ ನಿಂತಳು.