ಬೆಳಕು ಹರಿಯೋ ರಬ್ಬರ್ ದಾರ

ಮೊನ್ನೆ ಹಾಸನದ ಕಾಲೇಜಿನಿಂದ ಬಂದ ಮೊಮ್ಮಗಳು ನನ್ನ ತೋರುಬೆರಳಿನ ಮೇಲೆ ಒಂದು ದಾರ ಅಂಟಿಸಿದಳು. ಶ್ಯಾವಿಗೆಯಷ್ಟು ಸಣ್ಣ, ಎಳೆದರೆ ರಬ್ಬರಿನ ಹಂಗೆ ಹಿಗ್ಗುತ್ತೆ. ಒಂದು ತುದಿಗೆ ಬೆಳಕು ಬಿಟ್ಟರೆ ಇನ್ನೊಂದು ತುದಿಗೆ ಬಂದುಬಿಡುತ್ತೆ! ಬೆರಳು ಮಡಚಿದರೆ ದಾರ ಹಿಗ್ಗಿ ಬೆಳಕು ಮಂಕಾಗುತ್ತೆ. ಎಷ್ಟು ಮಂಕಾಯ್ತೋ ಅದರ ಮೇಲೆ ಬೆರಳು ಎಷ್ಟು ಮಡಚಿತು ಅಂತ ಫೋನ್ ಹೇಳುತ್ತೆ. ಲಕ್ವ ಹೊಡೆದು ಕೈ ಸೆಟೆದವರಿಗಂತೆ. ಮಾಡಿದ್ದು ನನ್ನ ಮೊಮ್ಮಗಳು, ಅವಳ ಜೊತೆಯವರು ಕಣ್ರೀ! ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಖುಷಿಗೆ ಕೂತಲ್ಲಿ ಕೂರೋಕಾಗಲಿಲ್ಲ.

ಆ ದಾರ ಬೆರಳ ಮೇಲೆ ಬಿಗಿಯಾಗಿದ್ದೇ ಕೆ. ಹೊಸಕೋಟೆಯ ಸೈಕಲ್ ಶಾಪಿನಣ್ಣ ನೆನಪಾದರು... ಮಂಗಳೂರು ಕಡೆಯಿಂದ ಬಂದವರು. ಮಾತು ಕಮ್ಮಿ, ಕೈತುಂಬ ಗ್ರೀಸು.

ನಾನಾಗ ಕಾಫಿ ಎಸ್ಟೇಟಿನ ಕೂಲಿ. ಒಂದು ವರ್ಷ ಕೂಲಿಯವರ ಲೈನ್ ಮನೆ ಮೆಟ್ಟಿಲಲ್ಲಿ ಜಾರಿ ನನ್ನ ಬಲಗೈ ಮುರಿದಿತ್ತು. ಪಟ್ಟಿ ಬಿಚ್ಚಿದಾಗ ಬೆರಳುಗಳು ಕೊರಡಾಗಿದ್ದವು. ಇನ್ನೆರಡು ತಿಂಗಳಿಗೆ ಕಾಫಿ ಕೊಯ್ಲು. ಬೆರಳು ಮಡಚದೆ ಹಣ್ಣು ಬಿಡಿಸೋದು ಹೆಂಗೆ? ಕೊಯ್ಯಲಾರದವಳನ್ನ ಲೈನ್ ಮನೇಲಿ ಯಾರು ಇಟ್ಕೋತಾರೆ?

ಸಂತೆಗೆ ಹೋದಾಗ ನನ್ನ ಕೈ ನೋಡಿದ ಅಣ್ಣ ಹಳೇ ಸೈಕಲ್ ಟ್ಯೂಬನ್ನ ಸಣ್ಣಗೆ ಸೀಳಿ, ಒಂದು ತುದಿ ಅಂಗಡಿ ಹಲಗೆಗೆ ಮೊಳೆ ಹೊಡೆದು, ಇನ್ನೊಂದು ತುದಿ ನನ್ನ ಬೆರಳಿಗೆ ಹಾಕಿದರು. ಎಲ್ಲೀವರೆಗೆ ಎಳೆದೆನೋ ಅಲ್ಲಿಗೊಂದು ಸೀಮೆಸುಣ್ಣದ ಗೆರೆ. ಆಮೇಲೆ ಪ್ರತಿ ಸಂತೆಗೂ ಹೋಗಿ ಎಳೀತಿದ್ದೆ. ಗೆರೆ ಮುಂದಕ್ಕೆ ಹೋಗೋದು, ನಾನು ಹಿಗ್ಗೋಳು.

ನಾಲ್ಕನೇ ಸಂತೆಗೆ ಅಣ್ಣ ನನ್ನ ಮಣಿಕಟ್ಟನ್ನ ಹಲಗೆಗೆ ಒತ್ತಿ ಹಿಡಿದು, "ಈಗ ಎಳಿ" ಅಂದರು. ಟ್ಯೂಬು ಅಲ್ಲಾಡಲಿಲ್ಲ. ಅಷ್ಟು ದಿನ ನಾನು ಎಳೆದಿದ್ದು ಮೊಣಕೈಯಲ್ಲಿ!

"ಯಾರಿಗೆ ಮೋಸ ಮಾಡ್ತಿದ್ದಿ ಮಾರಾಯ್ತಿ? ಟ್ಯೂಬಿಗಾ?"

"ಗೆರೆ ಮುಂದೆ ಐತಲ್ಲಣ್ಣಾ..."

"ಗೆರೆ ಹೋಗಿ ಹಣ್ಣು ಕೊಯ್ತದಾ?"

ಗೆರೆಗಳನ್ನೆಲ್ಲ ಒರೆಸಿಬಿಟ್ಟರು. ಮಣಿಕಟ್ಟು ಕಟ್ಟಿ ಮೊದಲಿಂದ ಶುರು. ಅತ್ತೆ, ಬೈದೆ, ಎಳೆದೆ... ಕೊಯ್ಲು ಬಂದಾಗ ಮೊದಮೊದಲು ಎಡಗೈಯೇ ಜಾಸ್ತಿ. ಕೊಯ್ಲು ಮುಗಿಯೋ ಹೊತ್ತಿಗೆ ಎರಡೂ ಕೈ. ಲೈನ್ ಮನೆ ಉಳೀತು.

ಆಮೇಲೆ ಅಣ್ಣ ಘಟ್ಟ ಇಳಿದು ಊರಿಗೆ ಹೋದರು. ತೀರಿಕೊಂಡರಂತೆ ಅನ್ನೋ ಸುದ್ದಿಯೂ ತಡವಾಗಿ ಬಂತು...

ಇತ್ತ ಮೊಮ್ಮಗಳು ಫೋನನ್ನೂ ನನ್ನ ಕೈಯನ್ನೂ ನೋಡಿ ಕಿರುಚಿದಳು: "ಅಜ್ಜೀ, ಬರೀ ಬೆರಳು ಮಡಚ್ತೀಯಲ್ಲ, ಕೈ ಅಲ್ಲಾಡ್ತಾನೇ ಇಲ್ಲ! ನಮ್ಮ ಹುಡುಗರಿಗೇ ಬರಲ್ಲ. ಯಾರು ಕಲಿಸಿದ್ದು?"

ಎಲ್ಲ ಹೇಳಿದೆ. ಪೆನ್ನು ತಗೊಂಡಳು. "ಅವರ ಹೆಸರು ಹೇಳು, ನಮ್ಮ ಪ್ರಾಜೆಕ್ಟ್ ಪುಸ್ತಕದಲ್ಲಿ ಹಾಕ್ತೀನಿ."

ಅಷ್ಟು ವರ್ಷ ಅಣ್ಣ ಅಂತಲೇ ಕರೆದಿದ್ದೆ, ಹೆಸರು ಕೇಳಿರಲೇ ಇಲ್ಲ.

"ಅಜ್ಜಿಯ ಅಣ್ಣ ಅಂತ ಬರಿ ಮಗಾ" ಅಂದೆ. ಬರೆದಳು. ಅಣ್ಣನಿಗೆ ತೋರಿಸೋಣ ಅಂದರೆ ಅವರಿಲ್ಲ.